ಋತುಬಂಧದ ವಯಸ್ಸು ಮತ್ತು ಕಿವಿಯ ಸವಕಳಿ

ಮುಂಬಯಿಯ ನಮ್ಮ ಕನ್ನಡ ಸಂಘಗಳು ಏರ್ಪಡಿಸುವ ಉಚಿತ ವೈದ್ಯಕೀಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ, ಕಣ್ಣು ಇವುಗಳ ತಪಾಸಣೆಗೆ ಸ್ಥಾನವಿರುತ್ತದೆ. ಕಿವಿಗೆ ದೊರೆಯುವುದು ಅಪರೂಪ. ನಲವತ್ತೈದು ದಾಟಿದ ಮಹಿಳೆಯರ ಮಟ್ಟಿಗೆ ಇದೊಂದು ದೊಡ್ಡ ಲೋಪವೆಂದು ನನ್ನ ಅಭಿಪ್ರಾಯ. ನಾನು ವೈದ್ಯೆಯಲ್ಲ, ಲೆಕ್ಕಪತ್ರಗಳ ನಡುವೆ ಬದುಕುವ ಬ್ಯಾಂಕ್ ಅಧಿಕಾರಿ. ಆದರೆ ವರ್ಷವರ್ಷದ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯದ ಸಂಸ್ಥೆಯ ಗತಿಯೇನೆಂಬುದನ್ನು ವಾಣಿಜ್ಯಶಾಸ್ತ್ರ ಓದಿದವರೆಲ್ಲರೂ ಬಲ್ಲರು.

ಭಾರತೀಯ ಮಹಿಳೆಯರಲ್ಲಿ ಋತುಬಂಧವು ಸರಾಸರಿ 46-47ರ ಆಸುಪಾಸಿನಲ್ಲಿ ಸಂಭವಿಸುತ್ತದೆ. ಆಗ ದೇಹದಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಈ ಹಾರ್ಮೋನಿನ ಗ್ರಾಹಕಗಳು ಒಳಗಿವಿಯಲ್ಲಿಯೂ ಇವೆ. ಹಾಗೆಂದು ಎಲ್ಲ ಹೊಣೆಯನ್ನೂ ಋತುಬಂಧದ ತಲೆಗೆ ಕಟ್ಟಲಾಗದು. ವಯಸ್ಸು, ಮಧುಮೇಹ, ಗದ್ದಲ, ಕೆಲವು ಔಷಧಗಳು ಇವೆಲ್ಲವೂ ಪಾಲುದಾರರೇ. ಹಾರ್ಮೋನ್ ಮಾತ್ರೆಯಿಂದ ಕಿವಿ ಉಳಿದೀತೆಂಬ ಆಸೆಯೂ ಸಲ್ಲದು. ಅಮೆರಿಕದ ದಾದಿಯರನ್ನು ಕುರಿತು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಅದನ್ನು ದೀರ್ಘಕಾಲ ಸೇವಿಸಿದವರಲ್ಲೇ ಶ್ರವಣನಷ್ಟದ ಸಂಭವ ಹೆಚ್ಚಾಗಿ ಕಂಡುಬಂದಿತು.

ವಯಸ್ಸಿನೊಡನೆ ಬರುವ ಈ ನಷ್ಟದಲ್ಲಿ ಮೊದಲು ಜಾರುವುದು ಎತ್ತರದ ಸ್ವರಗಳು. ಸ, ಶದಂಥ ವ್ಯಂಜನಗಳು, ಮಕ್ಕಳ ಮಾತುಗಳು ಮಸುಕಾಗುತ್ತವೆ. 'ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ' ಎಂಬುದೇ ಇದರ ಗುರುತು. ವಲಸೆ ಬಂದ ನಮಗೆ ಇಲ್ಲಿ ಇನ್ನೊಂದು ತೊಡಕುಂಟು. ಹುಟ್ಟುನುಡಿಯಲ್ಲಿ ಒಂದಕ್ಷರ ಕೇಳಿಸದಿದ್ದರೂ ಮನಸ್ಸು ಅದನ್ನು ತುಂಬಿಕೊಳ್ಳುತ್ತದೆ. ಕಲಿತ ನುಡಿಯಲ್ಲಿ, ಅದೂ ಗದ್ದಲದ ನಡುವೆ, ಅದು ಕಷ್ಟ. ಆದಕಾರಣ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಸರಾಗವಾಗಿ ಆಡುವ ತಾಯಿ ರೈಲಿನಲ್ಲಿ, ಮಾರುಕಟ್ಟೆಯಲ್ಲಿ ಮರಾಠಿ, ಹಿಂದಿಗೆ ತಡವರಿಸಿದರೆ, 'ಅಮ್ಮನಿಗೆ ಭಾಷೆ ಬಾರದು' ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಮೂವತ್ತು ವರ್ಷ ಇದೇ ಊರಿನಲ್ಲಿ ವ್ಯವಹರಿಸಿದವರಿಗೆ ಭಾಷೆ ಒಮ್ಮೆಲೇ ಮರೆತುಹೋಗುವುದೆಂತು?

ಗಾಜಿನ ಕಿಂಡಿಯ ಈಚೆ ಕುಳಿತು ಇದರ ಪರಿಣಾಮವನ್ನು ನಾನು ಕಂಡಿದ್ದೇನೆ. ಖಾತೆ ಆಕೆಯದು, ಹಣ ಆಕೆಯದು. ಪ್ರಶ್ನೆಗೆ ಉತ್ತರ ಮಾತ್ರ ಮಗನದು. ಆಕೆ ತಲೆಯಾಡಿಸಿ ಸಹಿ ಮಾಡುತ್ತಾರೆ. ಕೇಳದೆ ಮಾಡಿದ ಸಹಿಗೂ ಕೇಳಿ ಮಾಡಿದ ಸಹಿಯಷ್ಟೇ ಬೆಲೆಯಿದೆ ಎಂಬುದು ಭಯಪಡತಕ್ಕ ಸಂಗತಿ. ಬ್ಯಾಂಕಿನಾಚೆಗೂ ನಷ್ಟವುಂಟು. ಮರೆವಿನ ಕಾಯಿಲೆಯ ತಡೆಯಬಹುದಾದ ಕಾರಣಗಳಲ್ಲಿ ಕಿವುಡುತನವನ್ನು ಪ್ರಮುಖವೆಂದು ಲ್ಯಾನ್ಸೆಟ್ ಆಯೋಗವು 2024ರಲ್ಲಿ ಎಣಿಸಿದೆ.

ಗದ್ದಲದ ವಿಷಯದಲ್ಲಿ ನಾವೂ ನಿರ್ದೋಷಿಗಳಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ಇರುಳಿಗೆ 45 ಡೆಸಿಬೆಲ್ ಮಿತಿ. ನಮ್ಮ ವಾರ್ಷಿಕೋತ್ಸವಗಳ ಧ್ವನಿವರ್ಧಕಗಳ ಮುಂದಿನ ಸಾಲಿನಲ್ಲಿ ನಮ್ಮ ತಾಯಂದಿರೇ ಕುಳಿತಿರುತ್ತಾರಲ್ಲವೆ?

ಪರಿಹಾರ ದೂರದಲ್ಲಿಲ್ಲ. ಮೈಸೂರಿನಲ್ಲಿ 1965ರಲ್ಲಿಯೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ನಮ್ಮ ಬಾಂದ್ರಾ ರಿಕ್ಲಮೇಶನ್ನಿನಲ್ಲಿ 1983ರಲ್ಲಿ ಸ್ಥಾಪಿತವಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಶ್ರವಣ ಪರೀಕ್ಷೆಯಲ್ಲಿ ನೋವಿಲ್ಲ, ಸೂಜಿಯಿಲ್ಲ. ಒಂದು ಕಿವಿ ಹಠಾತ್ತನೆ ಮಂದವಾದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಆದ್ದರಿಂದ ಸಂಘದ ಪದಾಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಶಿಬಿರದಲ್ಲಿ ಕಿವಿಗೂ ಒಂದು ಮೇಜು ಇರಲಿ. ಕನ್ನಡಕವನ್ನು ನಾಚದೆ ಧರಿಸುವ ನಾವು ಶ್ರವಣಸಾಧನಕ್ಕೆ ನಾಚಬೇಕಾಗಿಲ್ಲ. ಓದುಗ ಮಹನೀಯರು ಮನೆಯಲ್ಲಿ ಅದೇ ಮಾತನ್ನು ಎರಡನೆಯ ಸಲ ಕೇಳಿದ ತಾಯಿಯನ್ನೋ ಮಡದಿಯನ್ನೋ ಗದರುವ ಮುನ್ನ ಒಮ್ಮೆ ಪರೀಕ್ಷೆಗೆ ಕರೆದೊಯ್ಯಲಿ.