ಉಪ್ಪುನೀರಿನ ತೊಟ್ಟಿಗೆ ಎಂಥ ಫಿಲ್ಟರ್ ಬೇಕು?



ಮನೆಯ ಹಾಲ್‌ನಲ್ಲಿ ಸಮುದ್ರದ ಒಂದು ತುಣುಕನ್ನು ಇಟ್ಟುಕೊಳ್ಳುವ ಆಸೆ ಇಂದು ಹಲವರಿಗಿದೆ. ಗಾಜಿನ ತೊಟ್ಟಿ, ಉಪ್ಪುನೀರು, ಒಂದು ಜೊತೆ ಕ್ಲೌನ್ ಮೀನು, ನೀರಿನ ಓಟಕ್ಕೆ ತೂಗುವ ಒಂದೆರಡು ಮೃದು ಹವಳ. ಯಾರಿಗೆ ತಾನೇ ಇಷ್ಟವಾಗದು? ಮಕ್ಕಳು ಹಟ ಹಿಡಿಯುತ್ತಾರೆ, ಹಿರಿಯರು ಅಂಗಡಿಗೆ ಹೋಗುತ್ತಾರೆ. ದೊಡ್ಡ ಫಿಲ್ಟರ್ ಕೊಂಡರೆ ಮೀನು ಕ್ಷೇಮವೆಂದು ನಂಬಿ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾರೆ. ತಿಂಗಳು ತುಂಬುವ ಮೊದಲೇ ಮೀನು ಸತ್ತರೆ ಹಣವೂ ಹೋಯಿತು, ಒಂದು ಜೀವವೂ ಹೋಯಿತು. ಆದ್ದರಿಂದ ಫಿಲ್ಟರ್ ಮಾಡುವ ಕೆಲಸವೇನೆಂಬುದನ್ನು ಮೊದಲು ತಿಳಿಯೋಣ.

ಮೀನಿನ ಮಲ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲು, ಮರಳಿನ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ನಂತರ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ರಂಧ್ರಗಳಿರುವ ಕಲ್ಲಿನ ಒಳಭಾಗದಲ್ಲಿ ಆಮ್ಲಜನಕ ಕಡಿಮೆ. ಅಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಗಾಳಿಗೆ ಬಿಡುತ್ತವೆ. ಅಂದರೆ ನಿಜವಾದ ಫಿಲ್ಟರ್ ಈ ಕಲ್ಲೇ. ಜಕಾರ್ತದ ಲೀ ಚಿನ್ ಎಂಗ್ ಎಂಬವರು ಜೀವಂತ ಕಲ್ಲು ಮತ್ತು ಗಾಳಿಯ ಗುಳ್ಳೆಗಳಿಂದಲೇ ಸಮುದ್ರ ಜೀವಿಗಳನ್ನು ಸಾಕುವ ತಮ್ಮ ವಿಧಾನವನ್ನು 1961ರಲ್ಲೇ ಬರೆದು ಪ್ರಕಟಿಸಿದ್ದರು.

ಹಾಗೆಂದು ಸಮುದ್ರದಿಂದ ಕಲ್ಲು ತರಬೇಡಿ. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಬಂಡೆ ಕಟ್ಟುವ ಹವಳಗಳಿಗೆ ಭಾರತದಲ್ಲಿ 2001ರಿಂದ ವನ್ಯಜೀವಿ ಕಾನೂನಿನ ಒಂದನೇ ಪರಿಶಿಷ್ಟದ ರಕ್ಷಣೆಯಿದೆ. ಮನೆಯ ಅಂದಕ್ಕಾಗಿ ಅವುಗಳನ್ನು ಕೀಳುವುದು ಅಪರಾಧ. ಮನುಷ್ಯರು ತಯಾರಿಸಿದ ರಂಧ್ರದ ಒಣ ಕಲ್ಲು ಅಥವಾ ಸೆರಾಮಿಕ್ ತುಂಡುಗಳು ಸಾಕು. ಮೃದು ಹವಳ ಕೊಳ್ಳುವಾಗಲೂ ಅದರ ಜಾತಿ ಯಾವುದು, ಎಲ್ಲಿಂದ ಬಂತು ಎಂದು ದಾಖಲೆ ಸಹಿತ ಕೇಳಿರಿ. ಉತ್ತರ ಸಿಗದಿದ್ದರೆ ಬಿಟ್ಟುಬಿಡಿ.

ಈಗ 100 ಲೀಟರಿನ ತೊಟ್ಟಿ, ಎರಡು ಪುಟ್ಟ ಮೀನು ಎಂದಿಟ್ಟುಕೊಳ್ಳಿ. ವಾರಕ್ಕೆ ಲೀಟರಿಗೆ 2 ಮಿಲಿಗ್ರಾಂ ನೈಟ್ರೇಟ್ ಸೇರುತ್ತದೆ, ನೀವು ವಾರಕ್ಕೆ 10 ಲೀಟರ್ ನೀರು ಬದಲಿಸುತ್ತೀರಿ ಎನ್ನೋಣ. ಲೆಕ್ಕ ಹಾಕಿದರೆ ನೈಟ್ರೇಟ್ 20 ದಾಟುವುದಿಲ್ಲ. ಅದೇ ತೊಟ್ಟಿಗೆ ಹತ್ತು ಮೀನು ಹಾಕಿದರೆ, ಬದಲಿಸುವ ನೀರು ಅಷ್ಟೇ ಇದ್ದರೆ, ಅದು 100ರ ಕಡೆಗೆ ಏರುತ್ತದೆ. ಫಿಲ್ಟರ್ ಎಷ್ಟು ಬೇಕೆಂದು ನಿರ್ಧರಿಸುವುದು ತೊಟ್ಟಿಯ ಗಾತ್ರವೊಂದೇ ಅಲ್ಲ, ಮೀನುಗಳ ಸಂಖ್ಯೆ ಮತ್ತು ನಾವು ಹಾಕುವ ಆಹಾರ.

ಹಾಗಾದರೆ ಏನು ಕೊಳ್ಳಬೇಕು? ಮೊದಲು ನೀರನ್ನು ಓಡಿಸುವ ಪಂಪ್. ಗಂಟೆಗೆ ಸಾವಿರದಿಂದ ಎರಡು ಸಾವಿರ ಲೀಟರಿನದು ಇಷ್ಟು ತೊಟ್ಟಿಗೆ ಸಾಕು. ನೀರು ಕಲ್ಲಿನ ಸಂದುಗೊಂದುಗಳಿಗೆ ಹೋಗದಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡದು. ನಂತರ ಕಸ ಹಿಡಿಯುವ ಹತ್ತಿಯ ಪದರ. ಮೂರು ನಾಲ್ಕು ದಿನಕ್ಕೊಮ್ಮೆ ಅದನ್ನು ಬದಲಿಸಿರಿ. ತಿಂಗಳುಗಟ್ಟಲೆ ತೊಳೆಯದ ಡಬ್ಬಿ ಫಿಲ್ಟರಿನಲ್ಲಿ ಕಸ ಕೊಳೆತು ನೀರನ್ನೇ ಕೆಡಿಸುತ್ತದೆ. ಕರೆಂಟ್ ಹೋಗಿ ಗಂಟೆಗಳು ಕಳೆದರೆ ಅದರೊಳಗಿನ ಆಮ್ಲಜನಕವೂ ಮುಗಿಯುತ್ತದೆ. ಆದ್ದರಿಂದ ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ.

ಸ್ಕಿಮ್ಮರ್ ಎಂಬುದು ಸಣ್ಣ ಗುಳ್ಳೆಗಳಿಂದ ನೀರಿನ ಜಿಡ್ಡನ್ನು ನೊರೆಯಾಗಿ ಎತ್ತಿ ಬಟ್ಟಲಿಗೆ ಹಾಕುವ ಸಾಧನ. ಕೊಳೆಯುವ ಮೊದಲೇ ಕಸವನ್ನು ಹೊರಹಾಕುವುದು ಅದರ ಗುಣ. ಮೀನು ಹೆಚ್ಚಿದ್ದರೆ ಅದು ಅಗತ್ಯ. ಎರಡೇ ಮೀನಿದ್ದು, ವಾರದ ನೀರು ತಪ್ಪದಿದ್ದರೆ ಅದಿಲ್ಲದೆಯೂ ನಡೆಯುತ್ತದೆ.

ಬದಲಿಸುವ 10 ಲೀಟರ್ ಆರ್‌ಒ ನೀರಿಗೆ ಸುಮಾರು 350 ಗ್ರಾಂ ಸಮುದ್ರದ ಉಪ್ಪಿನ ಮಿಶ್ರಣ ಬೇಕು. ಇದು ಅಕ್ವೇರಿಯಂಗೆಂದೇ ಸಿಗುತ್ತದೆ. ಅಡುಗೆ ಉಪ್ಪು ಸಲ್ಲದು. ಆವಿಯಾಗಿ ನೀರು ಇಳಿದಾಗ ಮಾತ್ರ ಉಪ್ಪಿಲ್ಲದ ನೀರನ್ನೇ ತುಂಬಿರಿ. ಏಕೆಂದರೆ ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ.

ಕೊನೆಯದಾಗಿ, ಯಾವ ಅಂಗಡಿಯಲ್ಲೂ ಸಿಗದ ಫಿಲ್ಟರ್ ಒಂದಿದೆ: ಸಹನೆ. ತೊಟ್ಟಿ ಸಿದ್ಧವಾದ ದಿನವೇ ಮೀನು ಬಿಡಬೇಡಿ. ಚಿಟಿಕೆ ಮೀನಿನ ಆಹಾರ ಹಾಕಿ ಕಾಯಿರಿ. ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಪರೀಕ್ಷಾ ಕಿಟ್‌ನಲ್ಲಿ ಅಮೋನಿಯಾ ಏರಿ ಇಳಿದು, ಅದೂ ನೈಟ್ರೈಟೂ ಸೊನ್ನೆಯಾದ ಮೇಲೆ ಮೊದಲ ಮೀನು ತನ್ನಿರಿ. ಮಕ್ಕಳು ಅವಸರ ಮಾಡಿದರೆ ಆ ಕಿಟ್ಟನ್ನೇ ಅವರ ಕೈಗೆ ಕೊಡಿ. ವಾರವಾರ ಅಳೆದು ಬರೆದಿಡಲಿ. ಕಣ್ಣಿಗೆ ಕಾಣದ ಜೀವಿಗಳು ಮೀನಿನ ಮನೆಯನ್ನು ಸಿದ್ಧಗೊಳಿಸುವುದನ್ನು ಅವರೇ ಕಂಡುಕೊಳ್ಳುತ್ತಾರೆ. ಅಷ್ಟು ಕಾದು ತಂದ ಮೀನನ್ನು ಅವರು ಜೋಪಾನವಾಗಿಯೇ ನೋಡಿಕೊಳ್ಳುತ್ತಾರೆ.