ರೆಕಂಡೈಟ್ ಎಂಬ ಹಗೇವು

ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಓಣಿಯ ಹುಡುಗಿಯೊಬ್ಬಳು ನೋಟುಬುಕ್ಕು ಹಿಡಿದುಕೊಂಡು ಮನೆಗೆ ಬಂದಳು. ಪದವಿ ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವಳು. ಪುಟದಲ್ಲಿ ಏಳು ಇಂಗ್ಲಿಷ್ ಶಬ್ದಗಳನ್ನು ಒಂದರ ಕೆಳಗೊಂದರಂತೆ ಬರೆದಿದ್ದಳು: ಆಬ್‌ಸ್ಕ್ಯೂರ್, ಆಬ್‌ಸ್ಟ್ರೂಸ್, ರೆಕಂಡೈಟ್, ಆರ್ಕೇನ್, ಕ್ರಿಪ್ಟಿಕ್, ಇನ್‌ಸ್ಕ್ರೂಟಬಲ್, ಇಲೂಸಿವ್. ಏಳರ ಮುಂದೆಯೂ ಗೈಡಿನಿಂದ ಇಳಿಸಿಕೊಂಡ ಒಂದೇ ಅರ್ಥವಿತ್ತು: 'ತಿಳಿಯಲು ಕಠಿಣವಾದ'.

"ಸರ, ಏಳಕ್ಕೂ ಅರ್ಥ ಒಂದ ಇದ್ದರ ಅವರಿಗೆ ಏಳು ಶಬ್ದ ಯಾಕ ಬೇಕಾಗಿದ್ದುವ್ರಿ?" ಎಂದು ಕೇಳಿದಳು.

ಮೂರು ದಶಕಗಳ ಕಾಲ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ, ಕೇಳುವಂತೆ ನಾನೂ ಕಲಿಸಿರಲಿಲ್ಲ. ನಾಚಿಕೆಯಿಂದಲೇ ಹೇಳುತ್ತೇನೆ, ಕಪ್ಪು ಹಲಗೆಯ ಮೇಲೆ ನಾನು ಬರೆಸುತ್ತಿದ್ದುದೂ ಆ ಗೈಡಿನ ಅರ್ಥವನ್ನೇ. ಆ ರಾತ್ರಿ ಹಳೆಯ ನಿಘಂಟುಗಳನ್ನೆಲ್ಲ ಕೆಳಗಿಳಿಸಿ, ಧೂಳು ಜಾಡಿಸಿ ಕುಳಿತೆ.

ಈ ಶಬ್ದಗಳ ಬೇರುಗಳನ್ನು ಹುಡುಕುತ್ತ ಹೋದಂತೆ ಒಂದು ಸೋಜಿಗ ಕಂಡಿತು. ಮೂಲದಲ್ಲಿ ಇವುಗಳಲ್ಲಿ ಯಾವುದಕ್ಕೂ 'ಕಠಿಣ' ಎಂಬ ಅರ್ಥವೇ ಇಲ್ಲ! ಆಬ್‌ಸ್ಕ್ಯೂರ್ ಎಂದರೆ ಲ್ಯಾಟಿನ್ನಿನಲ್ಲಿ ಕತ್ತಲು ಕವಿದದ್ದು. ನಮ್ಮ ಕಡೆಯ 'ಮಬ್ಬು'. ಆಬ್‌ಸ್ಟ್ರೂಸ್ ಎಂದರೆ ಕಣ್ಣಿಗೆ ಬೀಳದಂತೆ ಅತ್ತ ತಳ್ಳಿಬಿಟ್ಟದ್ದು. ಆರ್ಕೇನ್ ಹುಟ್ಟಿದ್ದು ಪೆಟ್ಟಿಗೆ ಎಂಬ ಅರ್ಥದ ಶಬ್ದದಿಂದ; ಕೀಲಿ ಹಾಕಿದ ಸಂದೂಕಿನೊಳಗೆ ಇಟ್ಟದ್ದು. ಕ್ರಿಪ್ಟಿಕ್ ಗ್ರೀಕ್ ಮೂಲದ್ದು, ಬಚ್ಚಿಟ್ಟದ್ದು. ಇನ್‌ಸ್ಕ್ರೂಟಬಲ್ ಎಂಬುದರ ಬೇರಿನಲ್ಲಿ ಚಿಂದಿ ರಾಶಿಯಲ್ಲಿ ತಡಕಾಡುವ ಚಿತ್ರವಿದೆ ಎನ್ನುತ್ತಾರೆ. ಎಷ್ಟು ತಡಕಾಡಿದರೂ ಕೈಗೆ ಹತ್ತದ್ದು. ಇಲೂಸಿವ್‌ನ ಒಡಲಲ್ಲಿ ಆಟವಿದೆ. ಸಿಕ್ಕಂತೆ ಮಾಡಿ ನುಣುಚಿಕೊಳ್ಳುವುದು. ಇಂದು ನಾವು 'ತಿಳಿಯದ್ದು' ಎಂದು ಓದುವ ಶಬ್ದಗಳೆಲ್ಲ ಒಂದು ಕಾಲಕ್ಕೆ 'ಸಿಗದ್ದು' ಎಂದು ಹೇಳುತ್ತಿದ್ದವು. 1852ರಲ್ಲಿ ರೋಜೆ ಎಂಬ ವೈದ್ಯರು ತಮ್ಮ ಪ್ರಸಿದ್ಧ ಪರ್ಯಾಯಪದಕೋಶದಲ್ಲಿ ದುರ್ಬೋಧತೆಗೆ ಒಂದು ವಿಭಾಗ, ಮರೆಮಾಚುವುದಕ್ಕೆ ಇನ್ನೊಂದು ವಿಭಾಗ ಎಂದು ಬೇರೆ ಬೇರೆ ಕೋಣೆ ಕಟ್ಟಿದರು. ಬೇರುಗಳು ಮಾತ್ರ ನೆಲದಡಿಯಲ್ಲಿ ಹೆಣೆದುಕೊಂಡೇ ಇವೆ.

ರೆಕಂಡೈಟ್ ಶಬ್ದವನ್ನು ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದೇನೆ. ಅದರ ಮೂಲಾರ್ಥ, ಮುಂದಕ್ಕೆ ಬೇಕೆಂದು ಒಳಗೆ ಕೂಡಿಸಿಟ್ಟದ್ದು. ಇದನ್ನು ಓದಿದಾಗ ನನಗೆ ನೆನಪಾದದ್ದು ಅಸುಂಡಿಯ ನಮ್ಮ ಹಳೆಯ ಮನೆಯ ಹಗೇವು. ಇಂದಿನ ಮಕ್ಕಳಿಗೆ ಹಗೇವು ಎಂದರೇನೆಂದು ಹೇಳಬೇಕಾಗಿದೆ. ನೆಲದಲ್ಲಿ ಆಳವಾಗಿ ತೋಡಿದ ಕಣಜ ಅದು. ಬಾಯಿ ಚಿಕ್ಕದು, ಒಡಲು ದೊಡ್ಡದು. ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮೇಲೆ ನಡೆದಾಡುವವನಿಗೆ ಕಾಲಡಿಯಲ್ಲಿ ಅನ್ನವಿದೆ ಎಂದು ಗೊತ್ತಾಗುತ್ತಿರಲಿಲ್ಲ. ತೆಗೆಯುವ ದಿನ ಹಿರಿಯರು ಬಾಯಿ ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸಾಕಷ್ಟು ಹೊತ್ತು ಬಿಟ್ಟು, ದೀಪವನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಅವಸರ ಮಾಡಿ ಇಳಿದು ಪ್ರಾಣ ಬಿಟ್ಟವರ ಕಥೆ ನಮ್ಮ ಸೀಮೆಯ ಊರೂರಿನಲ್ಲೂ ಕೇಳುತ್ತದೆ.

ದೀಪ ಇಳಿಬಿಡದೆ ನಾನು ಹುಡುಗನೊಬ್ಬನನ್ನು ಹಗೇವಿಗೆ ಇಳಿಸಿದ್ದೆ. ತೊಂಬತ್ತರ ದಶಕದ ಮಾತು. ಕನ್ನಡ ಮಾಧ್ಯಮದಲ್ಲಿ ಓದಿ ಹತ್ತನೆಯ ತರಗತಿಯಲ್ಲಿ ನಮ್ಮ ಶಾಲೆಗೆ ಮೊದಲಿಗನಾಗಿ ಬಂದವನು. ಗಣಿತದಲ್ಲಿ ನಾನೇ ಅವನ ಎದುರು ಅಳುಕುತ್ತಿದ್ದೆ. ಅವನ ತಂದೆಯನ್ನು ಒಪ್ಪಿಸಿ ಪಿಯುಸಿ ವಿಜ್ಞಾನಕ್ಕೆ ಹಚ್ಚಿಸಿದವನೂ ನಾನೇ. ದಸರೆ ಮುಗಿದು ದೀಪಾವಳಿ ಬರುವಷ್ಟರಲ್ಲಿ ಅವನು ಹೊಲದಲ್ಲಿದ್ದ. ಯಾಕಪ್ಪಾ ಎಂದು ಕೇಳಿದರೆ ಅವನು ಹೇಳಿದ ಮಾತು ಇದು: "ಸರ, ಲೆಕ್ಕ ನನಗ ಬರ್ತೈತ್ರಿ. ಆದರ ಆ ಪುಸ್ತಕದಾಗ ಲೆಕ್ಕ ಎಲ್ಲಿ ಐತಿ ಅಂತ ಸಿಗವಲ್ದು."

ತಿಳಿಯುವುದಿಲ್ಲ ಎನ್ನಲಿಲ್ಲ ಅವನು, ಸಿಗುವುದಿಲ್ಲ ಎಂದ. ಲ್ಯಾಟಿನ್ ಬಲ್ಲ ಪಂಡಿತರೂ ಇಷ್ಟು ಸ್ಪಷ್ಟವಾಗಿ ಬಿಡಿಸಿ ಹೇಳಿಯಾರೆ? ನಾನಾದರೋ ಬಿ.ಎಡ್. ಪದವೀಧರನ ಗತ್ತಿನಲ್ಲಿ, "ಡಿಕ್ಷನರಿ ನೋಡಿ ಇನ್ನಷ್ಟು ಓದಬೇಕಾಗಿತ್ತು" ಎಂದು ಉಪದೇಶ ಮಾಡಿ ಬಂದೆ. ಅವನು ಮತ್ತೆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ.

ನನ್ನ ತಕರಾರು ಇಲ್ಲಿದೆ. ಒಂದು ವಿಷಯ 'ಕಠಿಣ' ಎಂದಾಗ ದೋಷವನ್ನು ಓದುವವನ ತಲೆಗೆ ಕಟ್ಟುತ್ತೇವೆ. 'ಬಚ್ಚಿಟ್ಟದ್ದು' ಎಂದರೆ, ಬಚ್ಚಿಟ್ಟವರು ಯಾರು, ಏಕೆ ಎಂಬ ಪ್ರಶ್ನೆ ಏಳುತ್ತದೆ. ಬ್ಯಾಂಕಿನ ಸಾಲಪತ್ರ, ವಿಮೆಯ ಕರಾರು, ವೈದ್ಯರ ಚೀಟಿ, ಇವೆಲ್ಲ ರೈತನಿಗೆ ಕಠಿಣವಲ್ಲ. ಅವನ ಕಣ್ಣಿನಿಂದ ಅತ್ತ ತಳ್ಳಿಟ್ಟಂಥವು.

ಹಾಗೆಂದು ಎಲ್ಲ ತಪ್ಪನ್ನೂ ಇಂಗ್ಲಿಷಿನ ಮೇಲೆ ಹೊರಿಸಲು ನಾನು ಸಿದ್ಧನಿಲ್ಲ. ನಾವೇನು ಕಡಿಮೆಯೇ? ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುವ ಸರಳ ಸಂಗತಿಗೆ 'ದ್ಯುತಿಸಂಶ್ಲೇಷಣೆ' ಎಂದು ಹೆಸರಿಟ್ಟವರು ನಾವು. ನಮ್ಮ ತಾಲೂಕಿನ ಮುಳಗುಂದದ ನಯಸೇನ 12ನೆಯ ಶತಮಾನದಲ್ಲೇ, ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ತುರುಕುವುದು ತುಪ್ಪಕ್ಕೆ ಎಣ್ಣೆ ಬೆರೆಸಿದಂತೆ ಎಂದು ಗದರಿಸಿದ್ದ. ಅತ್ತ ಲಕ್ಷ್ಮೇಶ್ವರ, ಅಂದಿನ ಪುಲಿಗೆರೆ. ತನ್ನ ಕಾವ್ಯ ಅಲ್ಲಿಯ ತಿರುಳ್ಗನ್ನಡದಲ್ಲಿದೆ ಎಂದು ಪಂಪನೇ ಹೆಮ್ಮೆಪಟ್ಟ. ಅಂಥ ನೆಲದ ಮಕ್ಕಳಿಗೆ ಕನ್ನಡದ ವಿಜ್ಞಾನ ಪುಸ್ತಕವೂ ಮುಚ್ಚಿದ ಹಗೇವೇ ಆಗಿರುವುದು ವಿಪರ್ಯಾಸ. ಆದರೆ ನಯಸೇನನ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. 'ಉತಾರ', 'ವಾಟ್ನಿ' ಮೊದಲಾದವು ಮರಾಠಿಯ ದಾರಿಯಿಂದ ಬಂದ ಶಬ್ದಗಳು. ಆದರೂ ನಮ್ಮ ಕಡೆ ಅಕ್ಷರ ಬಾರದ ಮುದುಕಿಗೂ ಅವು ಗೊತ್ತು. ಅದೇ ಕಾಗದವನ್ನು 'ವಿಭಜನಾ ಪತ್ರ' ಎಂದು ಕರೆದು ನೋಡಿ, ಆಕೆ ಓದುಬಲ್ಲವರನ್ನು ಹುಡುಕಿಕೊಂಡು ಹೊರಡುತ್ತಾಳೆ. ಶಬ್ದ ಎಲ್ಲಿಂದ ಬಂತು ಎಂಬುದಕ್ಕಿಂತ ಅದರ ಬಾಯಿ ತೆರೆದಿದೆಯೇ ಎಂಬುದು ದೊಡ್ಡದು.

ಬಚ್ಚಿಡುವುದೆಲ್ಲ ಕೆಟ್ಟದ್ದೂ ಅಲ್ಲ. ಅಲ್ಲಮನ ಬೆಡಗಿನ ವಚನಗಳಿವೆ, ಕನಕದಾಸರ ಮುಂಡಿಗೆಗಳಿವೆ. ನಮ್ಮ ಮದುವೆ ಮನೆಗಳಲ್ಲಿ ಹೊಸ ಸೊಸೆ ಗಂಡನ ಹೆಸರನ್ನು ಒಡಪಿನಲ್ಲಿ ಅಡಗಿಸಿ ಹೇಳುತ್ತಾಳೆ. ಅಡಗಿಸುವುದೇ ಎಲ್ಲರೂ ಕೇಳಿ ನಗಲೆಂದು. ಅಲ್ಲಿ ಕೀಲಿಯ ಜೊತೆಗೆ ಕೀಲಿಕೈಯೂ ಇರುತ್ತದೆ. ಪಿಯುಸಿಯ ಆ ಪುಸ್ತಕದಲ್ಲಿ ಪ್ರತಿ ಪುಟದ ಅಂಚಿಗೆ ಹತ್ತು ಕನ್ನಡ ಶಬ್ದಗಳನ್ನು ಅಚ್ಚು ಹಾಕಿದ್ದರೆ, ಮೊದಲ ಮೂರು ತಿಂಗಳು ಎರಡೂ ಭಾಷೆಗಳಲ್ಲಿ ಪಾಠ ನಡೆದಿದ್ದರೆ, ಆ ಹುಡುಗನಿಗೆ ದೀಪ ಇಳಿಬಿಟ್ಟಂತೆ ಆಗುತ್ತಿತ್ತು. ಇದಕ್ಕೆ ದೊಡ್ಡ ಆಯೋಗಗಳು ಬೇಕಿಲ್ಲ. 1894ರಲ್ಲಿ ಕಿಟ್ಟೆಲ್ ಸಾಹೇಬರು ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದರು. ಅದಕ್ಕಾಗಿ ಪರದೇಶದವರೊಬ್ಬರು ದಶಕಗಳ ಕಾಲ ದುಡಿದಿರುವಾಗ, ಪುಟಕ್ಕೆ ಹತ್ತು ಶಬ್ದ ನಮಗೆ ಭಾರವಾಗಬಾರದು.

ಮರುದಿನ ಹುಡುಗಿ ಬಂದಾಗ ಇಷ್ಟನ್ನೂ ಹೇಳಿದೆ. ಅವಳು ಗೈಡಿನ ಅರ್ಥಗಳನ್ನು ಹೊಡೆದುಹಾಕಿ, ಒಂದೊಂದರ ಮುಂದೆ ತನ್ನದೇ ಶಬ್ದ ಬರೆಯತೊಡಗಿದಳು: ಮಬ್ಬು, ಸಂದೂಕು, ಹಗೇವು... ಇಲೂಸಿವ್ ಬಂದಾಗ ಪೆನ್ನು ನಿಂತಿತು. 'ನುಣುಚುವಂಥದ್ದು' ಎಂದು ನಾನು ಸೂಚಿಸಿದರೆ, ಅದು ಒಂದೇ ಶಬ್ದವಾಗಿ ಕೂಡ್ರುವುದಿಲ್ಲ ಎಂದು ತಲೆಯಾಡಿಸಿದಳು. ಇದನ್ನು ಬರೆಯುವ ಹೊತ್ತಿಗೂ ಆ ಜಾಗ ಖಾಲಿಯೇ ಇದೆ. ಓದುಗರಲ್ಲಿ ಯಾರಿಗಾದರೂ ಹೊಳೆದರೆ ತಿಳಿಸಿ, ಅವಳಿಗೆ ಮುಟ್ಟಿಸುತ್ತೇನೆ.