ಅರಿವಿನ ಮೂರು ದೋಷಗಳು

ಜೈನ ದರ್ಶನದಲ್ಲಿ ಸಮ್ಯಗ್ಜ್ಞಾನವೆಂದರೆ ಬಹಳಷ್ಟನ್ನು ತಿಳಿದಿರುವುದಲ್ಲ. ಸಂಶಯ, ವಿಪರ್ಯಯ, ಅನಧ್ಯವಸಾಯ ಎಂಬ ಮೂರು ದೋಷಗಳಿಲ್ಲದೆ ತಿಳಿಯುವುದು. ದೂರದಲ್ಲಿ ಕಾಣುವುದು ಕಂಬವೋ ಮನುಷ್ಯನೋ ಎಂದು ತೂಗಾಡುವುದು ಸಂಶಯ. ಚಿಪ್ಪನ್ನು ಬೆಳ್ಳಿಯೆಂದು ನಂಬುವುದು ವಿಪರ್ಯಯ. ನಡೆಯುವಾಗ ಕಾಲಿಗೆ ಹುಲ್ಲು ತಾಗಿದರೂ ‘ಏನೋ ಇರಬೇಕು’ ಎಂದು ಸಾಗಿಬಿಡುವುದು ಅನಧ್ಯವಸಾಯ.

2025ರಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ಕಳವಳಗೊಂಡರು. ಜಯದೇವ ಹೃದ್ರೋಗ ಆಸ್ಪತ್ರೆಗಳಲ್ಲಿ ತಪಾಸಣೆಗೆ ಬಂದವರ ಸಂದಣಿ ಹೆಚ್ಚಿತು. ಕೋವಿಡ್ ಲಸಿಕೆಯೇ ಕಾರಣವೇ ಎಂಬ ಸಂಶಯ ಮೂಡಿತು. ಸಂಶಯ ಪರೀಕ್ಷೆಗೆ ದಾರಿಯಾದರೆ ದೋಷವಲ್ಲ, ಅಲ್ಲಿಯೇ ನೆಲೆಸಿದರೆ ದೋಷ. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣಲಿಲ್ಲವೆಂದಿತು. ಜಯದೇವ ಸಂಸ್ಥೆಯಲ್ಲಿ ಪರಿಶೀಲಿಸಿದ ಕಿರಿಯ ವಯಸ್ಸಿನ 251 ಹೃದ್ರೋಗಿಗಳಲ್ಲಿ 111 ಮಂದಿ ಧೂಮಪಾನಿಗಳು. 102 ಮಂದಿಗೆ ಅಧಿಕ ರಕ್ತದೊತ್ತಡ, 87 ಮಂದಿಗೆ ಮಧುಮೇಹವಿತ್ತು. 77 ಮಂದಿಯಲ್ಲಿ ಪರಿಚಿತ ಕಾರಣಗಳು ಕಾಣಲಿಲ್ಲ.

‘ಲಸಿಕೆ ಪಡೆದವನು ಸತ್ತ, ಆದ್ದರಿಂದ ಲಸಿಕೆಯಿಂದಲೇ ಸತ್ತ’ ಎನ್ನುವುದು ಚಿಪ್ಪನ್ನು ಬೆಳ್ಳಿ ಎಂದಂತೆ. ಆರೋಗ್ಯದಿಂದಿರುವ ನೆರೆಹೊರೆಯವರೂ ಅದೇ ಲಸಿಕೆ ಪಡೆದವರು. ‘ಇಂದಿನ ಇಸಿಜಿ ಸರಿಯಿದೆ, ಇನ್ನು ಭಯವಿಲ್ಲ’ ಎನ್ನುವುದೂ ಅಂಥದೇ. ಆ 77 ಮಂದಿಯನ್ನು ತೋರಿಸಿ, ವಿಜ್ಞಾನಕ್ಕೇ ತಿಳಿಯದ ಮೇಲೆ ಎಲ್ಲ ಮಾತೂ ಸಮವೆನ್ನುವವರಿದ್ದಾರೆ. ಅದು ಅನೇಕಾಂತವಲ್ಲ. ಸ್ಯಾದ್ವಾದವು ಮಾತಿಗೆ ಮೇರೆಯನ್ನು ಹಾಕುತ್ತದೆಯೇ ಹೊರತು ಪ್ರಮಾಣವಿಲ್ಲದ ಮಾತಿಗೆ ಮಣೆ ಹಾಕುವುದಿಲ್ಲ. ತನ್ನ ತಿಳಿವಿನ ಮೇರೆಯನ್ನು ತಾನೇ ಹೇಳುವ ವರದಿ ಹೆಚ್ಚು ನಂಬಿಕೆಗೆ ಅರ್ಹ.

ಆದರೆ ಮೂರರಲ್ಲಿ ಹೆಚ್ಚು ಅಪಾಯಕಾರಿಯಾದದ್ದು, ಸದ್ದಿಲ್ಲದ ಅನಧ್ಯವಸಾಯವೇ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಉದ್ಯೋಗಿಗೆ ಕಂಪನಿ ಮಾಡಿಸಿದ ತಪಾಸಣೆಯ ವರದಿ ಮೊಬೈಲಿಗೆ ಬರುತ್ತದೆ. ರಕ್ತದೊತ್ತಡ ಹೆಚ್ಚೆಂದು ಅದು ತಿಳಿಸಿದರೂ ನೋವಿಲ್ಲದ್ದರಿಂದ ‘ಏನೋ ಸ್ವಲ್ಪ ಏರಿದೆ’ ಎಂದು ಮುಚ್ಚಿಟ್ಟು ರಾತ್ರಿ ಪಾಳಿಗೆ ಹೊರಡುತ್ತಾನೆ. ವಿಷಯ ತಲುಪಿತು, ಅರಿವಾಗಲಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಲ್ಲುವ ದಿನಗೂಲಿಯವನ ಸ್ಥಿತಿ ಬೇರೆ. ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಅವನ ಅರ್ಧ ದಿನದ ಕೂಲಿ ಹೋಗುತ್ತದೆ. ಅವನದನ್ನು ಅಜ್ಞಾನವೆನ್ನುವುದು ಅನ್ಯಾಯ.

ಜ್ಞಾನ ಚಾರಿತ್ರದಲ್ಲಿ ಕೊನೆಗೊಳ್ಳಬೇಕು. ಬೀಡಿ, ಸಿಗರೇಟು ಬಿಡುವುದು, ಗುಳಿಗೆಯನ್ನು ತಪ್ಪದೆ ನುಂಗುವುದು ಗೃಹಸ್ಥನಿಗೆ ಎಟುಕುವ ಸಣ್ಣ ವ್ರತಗಳು. ತಿಳಿದವರಿಗೂ ಉಳ್ಳವರಿಗೂ ಹೊಣೆ ಇನ್ನೂ ಹೆಚ್ಚು. ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಪರೀಕ್ಷಿಸದ ಸಂದೇಶವನ್ನು ನೂರು ಮಂದಿಗೆ ಕಳುಹಿಸದೆ, ಒಬ್ಬನ ವರದಿಯನ್ನು ಓದಿ ಅವನ ಭಾಷೆಯಲ್ಲಿ ತಿಳಿಹೇಳುವುದು ಶಾಸ್ತ್ರದಾನಕ್ಕೆ ಸಮಾನ. ತಪಾಸಣೆಗೆ ಹೋದ ಕಾರ್ಮಿಕನ ಕೂಲಿಯನ್ನು ಕಡಿತಗೊಳಿಸದಿರುವ ಮಾಲೀಕ ಅಭಯವನ್ನೇ ನೀಡುತ್ತಾನೆ.